ನಿದ್ದಿ ಅವರದು, ಧ್ಯಾನದ ಹೆಸರೂ ಅವರದೇ

ಒಂದೇ ಮನೆಯಲ್ಲಿ ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಹತ್ತುವವರೊಬ್ಬರು, ಕಣ್ಣು ಮುಚ್ಚಿದ ಕೂಡಲೇ ಒಲೆಯ ಮೇಲಿನ ಹಾಲು ನೆನಪಾಗುವವರೊಬ್ಬರು ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಮೊದಲನೆಯವರು ನನ್ನ ಗಂಡ, ಎರಡನೆಯವಳು ನಾನು. ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ಅವರು ಮಲಗಿದ್ದಾರೆ, ನಾನು ನೋಡಿದ್ದೇನೆ. ಬೇರೆ ಹೆಂಗಸರು ನೆರೆಮನೆಯ ಸೀರೆ, ಬಂಗಾರ ಕಂಡು ಹೊಟ್ಟೆ ಉರಿಸಿಕೊಳ್ಳುತ್ತಾರಂತೆ. ನನಗೆ ಅಷ್ಟು ದೂರ ಹೋಗುವ ಕಷ್ಟವಿಲ್ಲ. ಪಕ್ಕದ ದಿಂಬೇ ಸಾಕು.

ನಾವಿರುವುದು ಶಹಾಪುರದಲ್ಲಿ. ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಅವರು ಯಾದಗಿರಿಯ ಒಂದು ಆಫೀಸಿನಲ್ಲಿ ಗುಮಾಸ್ತರು. ಮುಂಜಾನೆ ನನ್ನ ಬಸ್ಸು ಒಂದು ದಿಕ್ಕಿಗೆ, ಅವರದು ಇನ್ನೊಂದು ದಿಕ್ಕಿಗೆ. ನಾನು ಬಸ್ಸಿನಲ್ಲಿ ಮಕ್ಕಳ ಪೇಪರು ತಿದ್ದುತ್ತೇನೆ. ಅವರು ಏನು ಮಾಡುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ನಿದ್ದೆ ಬರುವುದಿಲ್ಲವೆಂದು ದವಾಖಾನೆಗೆ ಹೋದರೆ ಡಾಕ್ಟರು, "ಗುಳಿಗಿ ಬ್ಯಾಡ್ರಿ ಟೀಚರ್, ಯೋಗಕ್ಕ ಹೋಗ್ರಿ" ಅಂದರು. ಅಲ್ಲಿಂದ ಶುರುವಾಯಿತು.

೧. ಬಿಡಲು ಬಂದವರು

ನಮ್ಮ ಓಣಿಯ ಹಿಂದೆ ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿ ಮುಂಜಾನೆ ಯೋಗದ ಕ್ಲಾಸು. ಕಲಿಸುವವರು ಒಬ್ಬ ನಿವೃತ್ತ ಪಿ.ಟಿ. ಮಾಸ್ತರು. ಸೀಟಿ ಊದಿ ರೂಢಿಯಾದ ಗಂಟಲನ್ನು ಮೆತ್ತಗೆ ಮಾಡಿಕೊಂಡು ಮಾತಾಡುವವರು. ಮೊದಲ ದಿನವೇ ಹೇಳಿದರು: "ಯೋಗನಿದ್ರಿ, ಧ್ಯಾನ ಎರಡೂ ಒಂದಂತ ತಿಳೀಬ್ಯಾಡ್ರಿ. ಯೋಗನಿದ್ರಿ ಮಲಗಿ ಮಾಡೂದು. ಮೈ ಮಲಗಬೇಕು, ನೀವು ಮಲಗಬಾರದು. ನಾ ಹೆಬ್ಬಟ್ಟ ಅಂದ್ರ ಹೆಬ್ಬಟ್ಟಿಗೆ, ಮೊಣಕಾಲ ಅಂದ್ರ ಮೊಣಕಾಲಿಗೆ ನಿಮ್ಮ ಮನಸ್ಸು ನನ್ನ ದನಿ ಹಿಂದ ಬರಬೇಕು. ಧ್ಯಾನ ಕುಂತು ಮಾಡೂದು. ಒಂದರ ಮ್ಯಾಲ ಮನಸ್ಸ ಇಟ್ಟು, ಇಟ್ಟು, ಕಡೀಕ ಇಟ್ಟಾವ್ರು ಯಾರು ಅನ್ನೂದನ್ನೂ ಮರೀಬೇಕು. ಅಲ್ಲಿ ನನ್ನ ದನಿನೂ ಕೇಳಬಾರದು."

ನಾನು ಕೈ ಎತ್ತಿ, "ಮತ್ತ ನಿದ್ದಿ ಯಾವುದರಾಗ ಬರ್ತದ್ರಿ?" ಅಂತ ಕೇಳಿದೆ.

"ಎರಡರಾಗೂ ಬರಬಾರದ್ರಿ."

ನಾನು ಹೋದದ್ದೇ ನಿದ್ದೆಗೆ. ಆದರೂ ಸೇರಿದೆ. ಆರು ತಿಂಗಳು ಒಂದು ದಿನ ತಪ್ಪಿಸಲಿಲ್ಲ.

ಏಳನೇ ತಿಂಗಳಲ್ಲಿ ಒಂದು ದಿನ ನನ್ನ ಸ್ಕೂಟಿ ಪಂಕ್ಚರ್ ಆಗಿತ್ತು. ಮನೆಯವರು ತಮ್ಮ ಬೈಕಿನಲ್ಲಿ ಬಿಡಲು ಬಂದರು. ತಿರುಗಿ ಹೋಗಿ ಮತ್ತೆ ಕರೆಯಲು ಬರುವುದು ಯಾಕೆಂದು ಹಿಂದಿನ ಗೋಡೆಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕ್ಲಾಸು ಮುಗಿದು ಎಲ್ಲರೂ ಎದ್ದು ಚಾಪೆ ಸುತ್ತಿದರೂ ಅವರು ಅಲ್ಲಾಡಲಿಲ್ಲ. ಬೆನ್ನು ನೆಟ್ಟಗೆ, ಎರಡೂ ಅಂಗೈ ತೊಡೆಯ ಮೇಲೆ, ಮುಖದಲ್ಲಿ ಒಂದು ಸುಕ್ಕಿಲ್ಲ. ನಾನು ಎಬ್ಬಿಸಲು ಹೊರಟೆ. ಮಾಸ್ತರು ಅಡ್ಡ ಕೈ ಹಾಕಿದರು.

"ಮುಟ್ಟಬ್ಯಾಡ್ರಿ. ಇದು ಸಣ್ಣ ಮಾತಲ್ಲ."

ಇಪ್ಪತ್ತು ಜನ ಚಾಪೆ ಕಂಕುಳಲ್ಲಿ ಹಿಡಿದು ನನ್ನ ಗಂಡನ ಸುತ್ತ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣು ಬಿಟ್ಟರು.

"ಏನರ ಕಂಡಿತೇನ್ರಿ?" ಮಾಸ್ತರು ಕೇಳಿದರು.

"ಏನೂ ಕಾಣಲಿಲ್ರಿ."

"ನನ್ನ ದನಿ ಕೇಳಿಸ್ತಿತ್ತೇನ್ರಿ?"

"ಯಾವ ದನಿರಿ?"

ಮಾಸ್ತರು ಕ್ಲಾಸಿನ ಕಡೆ ತಿರುಗಿ, ಆರು ತಿಂಗಳಿಂದ ಹೇಳಿಕೊಟ್ಟದ್ದಕ್ಕೆ ಇವತ್ತು ಉತ್ತರ ಸಿಕ್ಕಿತು ಎಂಬಂತೆ ತಲೆ ಆಡಿಸಿದರು. ಆಮೇಲೆ ನನ್ನನ್ನು ಕೇಳಿದರು: "ಟೀಚರ್, ನಿಮಗೇನು ಕಂಡಿತು?"

"ಮನ್ಯಾಗ ನೀರಿನ ಮೋಟಾರ ಬಂದ್ ಮಾಡಲಾರದ ಬಂದೀನಿ ಅನ್ನೂದು ಕಂಡಿತ್ರಿ" ಅಂದೆ.

೨. ಟಿಕೆಟ್ ಮುದ್ರೆ

ಯಾದಗಿರಿಯಲ್ಲಿ ನಮ್ಮ ನೆಂಟರ ಮಗಳ ಕುಬುಸ, ಅಂದರೆ ಸೀಮಂತ, ಇತ್ತು. ಒಂದು ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಮನೆಯವರಿಗೆ ಬಸ್ಸಿನಲ್ಲಿ ಒಂದು ರೂಢಿ ಇದೆ. ಕಂಡಕ್ಟರು ನಿದ್ದೆಯಿಂದ ಎಬ್ಬಿಸಬಾರದೆಂದು ಟಿಕೆಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಕೈಯನ್ನು ಮೊಣಕಾಲ ಮೇಲೆ ಇಟ್ಟು ಮಲಗುತ್ತಾರೆ. ಬೇಕಾದವರು ನೋಡಿಕೊಳ್ಳಬಹುದು. ಉಳಿದ ಮೂರು ಬೆರಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ.

ದಾರಿಯಲ್ಲಿ ಒಂದು ಕ್ರಾಸಿನಲ್ಲಿ ವಡಗೇರಾ ಕಡೆಯ ಅಜ್ಜಿಯೊಬ್ಬಳು ಹತ್ತಿದಳು. ನಮ್ಮ ಸೀಟಿನ ಹತ್ತಿರ ಬಂದು ಇವರ ಮುಖ ನೋಡಿದಳು, ಬೆರಳು ನೋಡಿದಳು, ಸೆರಗು ತಲೆ ಮೇಲೆ ಎಳೆದುಕೊಂಡಳು.

"ಯಾವ ಮಠದವ್ರವ್ವಾ ಇವ್ರು?"

"ಮಠದವ್ರಲ್ಲಬೇ. ನಮ್ಮ ಮನಿಯವ್ರು."

"ಮನಿ ಬಿಟ್ಟು ಭಾಳ ದಿನ ಆತೇನು?"

ಬಸ್ಸಿನ ಸದ್ದಿನಲ್ಲಿ ಅವಳಿಗೆ ಏನು ಕೇಳಿಸಿತೋ, ನಾನು ಇನ್ನೊಮ್ಮೆ ಹೇಳುವಷ್ಟರಲ್ಲಿ ಅವಳು, "ನೀ ಏಳವ್ವಾ, ಅವ್ರಿಗಿ ತಾಗಿ ಕುಂದರಬಾರದು" ಅಂದಳು. ಹಿಂದಿನ ಸೀಟಿನವರೂ ಹೌದೆಂದರು. ನಾನು ಎದ್ದೆ. ಆ ಜಾಗದಲ್ಲಿ ಅಜ್ಜಿ ಕೂರಲಿಲ್ಲ, ಯಾರೂ ಕೂರಲಿಲ್ಲ. ಭೀಮಾ ನದಿಯ ಸೇತುವೆ ದಾಟುವಾಗ ತುಂಬಿದ ಬಸ್ಸಿನಲ್ಲಿ ನನ್ನ ಗಂಡ ಇಬ್ಬರ ಸೀಟಿನಲ್ಲಿ ಒಬ್ಬರೇ ಮಲಗಿದ್ದರು. ನಾನು ಕುಬುಸದ ಸೀರೆಯ ಚೀಲ ಹಿಡಿದು ಕಂಬಕ್ಕೆ ಜೋತುಬಿದ್ದಿದ್ದೆ.

ಬಸ್‌ಸ್ಟ್ಯಾಂಡು ಬಂದಾಗ ಅಜ್ಜಿ ಬಗ್ಗಿ ಕಾಲು ಮುಟ್ಟಿದಳು. ಇವರಿಗೆ ಅರ್ಧ ಎಚ್ಚರವಾಯಿತು. ಕಾಲು ಮುಟ್ಟಿದ್ದು ಕಂಡಕ್ಟರ್ ಅಂದುಕೊಂಡು, "ಐತ್ರಿ" ಅಂತ ಟಿಕೆಟ್ ಮುಂದೆ ಹಿಡಿದರು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿ, ಸೆರಗಿನ ತುದಿಗೆ ಗಂಟು ಹಾಕಿ ಇಳಿದುಬಿಟ್ಟಳು.

ಕೆಳಗೆ ಚೆಕಿಂಗ್‌ನವರು ನಿಂತಿದ್ದರು.

ನಾನು ಓಡಿ ಅಜ್ಜಿಯನ್ನು ಹಿಡಿದೆ. "ಯಮ್ಮಾ, ಆ ಚೀಟಿ ಕೊಡು." ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು, "ಕೊಟ್ಟ ಪ್ರಸಾದ ತಿರುಗಿ ಕೇಳ್ತೀಯಲ್ಲವ್ವಾ, ಓದಿದಾಕಿ ಇದ್ದಂಗ ಕಾಣ್ತಿ" ಅಂದಳು. ಕೊನೆಗೆ ಚೆಕಿಂಗ್‌ನವರೇ ಅಲ್ಲಿಗೆ ಬಂದು, ಅವಳು ಗಂಟು ಸ್ವಲ್ಪ ಸಡಿಲಿಸಿ ಹಿಡಿದಾಗ ಅದರೊಳಗೆ ಇಣುಕಿ ಟಿಕೆಟ್ ಓದಿದರು. ಸರಿ ಇದೆ, ಹೋಗ್ರಿ ಅಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, ದನಿ ಇಳಿಸಿ ನನ್ನನ್ನು ಕೇಳಿದರು:

"ಅಕ್ಕಾರ, ಖರೇ ಹೇಳ್ರಿ. ಯಾವ ಮಠರಿ ಅವ್ರದು?"

೩. ಗುಡ್ಡ

ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಸರಿಯಾಗಿ. ಒಂದು ಸಂಜೆ ನಾವಿಬ್ಬರೂ ಬೈಕಿನಲ್ಲಿ ಬರುವಾಗ ಮೈಸೂರು ಕಡೆಯ ಕಾರೊಂದು ನಿಂತಿತ್ತು. ಗಂಡ ಹೆಂಡತಿ ಇಳಿದು ಗುಡ್ಡ ನೋಡುತ್ತಿದ್ದರು. "ಮೇಡಂ, ಮಲಗಿರೋ ಬುದ್ಧ ಇದೇನಾ?" ಅಂತ ಆ ಹೆಂಗಸು ಕೇಳಿದಳು.

ನನಗೆ ಟೀಚರ್ ಬುದ್ಧಿ. ಬೈಕಿನಿಂದ ಇಳಿದೆ. ಮಲಗಿದ್ದು ನಿಜ, ಆದರೆ ನಿದ್ದೆ ಅಲ್ಲ ಅಂದೆ. ಮೈ ಮಲಗಿ ಅರಿವು ಎಚ್ಚರ ಇರುವುದು ಒಂದು, ಅರಿವು ಒಂದರಲ್ಲೇ ಕರಗಿ ಹೋಗುವುದು ಇನ್ನೊಂದು, ಸುಮ್ಮನೆ ನಿದ್ದೆ ಹೋಗುವುದು ಮೂರನೆಯದು, ಹೊರಗಿನಿಂದ ಮೂರೂ ಒಂದೇ ತರಹ ಕಾಣುತ್ತವೆ, ಅದರಿಂದಲೇ ಮೋಸ ಆಗುತ್ತದೆ ಅಂತ ವಿವರವಾಗಿ ಹೇಳಿದೆ. ಅವರಿಬ್ಬರೂ ಬಹಳ ಗಮನವಿಟ್ಟು ಕೇಳಿದರು. ಇಷ್ಟು ಚೆನ್ನಾಗಿ ಯಾರೂ ನನ್ನ ಮಾತು ಕೇಳಿರಲಿಲ್ಲ. ಮುಗಿದ ಮೇಲೆ ಆ ಹೆಂಗಸು ಫೋನು ತೆಗೆದು, ನನ್ನ ಹೆಗಲ ಮೇಲಿಂದ ಹಿಂದೆ ನೋಡಿ, ಸಂಕೋಚದಿಂದ ಕೇಳಿದಳು:

"ಅವರದ್ದೂ ಒಂದು ಫೋಟೋ ತಗೋಬಹುದಾ?"

ತಿರುಗಿ ನೋಡಿದರೆ ಮನೆಯವರು ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಅಂಗಾತ ಮಲಗಿದ್ದರು. ತಲೆ ಹ್ಯಾಂಡಲ್ ಕಡೆಗೆ, ಕಾಲು ಹಿಂದಿನ ಸೀಟಿನ ಕಡೆಗೆ. ಹಿಂದೆ ಗುಡ್ಡ.

೪. ಸಂಕಲ್ಪ

ಯೋಗನಿದ್ರೆಯ ಮೊದಲಿಗೆ ಒಂದು ಸಂಕಲ್ಪ ಮಾಡಬೇಕು. ಏನು ಆಗಬೇಕೋ ಅದನ್ನು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಳ್ಳುವುದು. ಮಾಸ್ತರು ತಮ್ಮ ದನಿಯನ್ನು ಫೋನಿಗೆ ಕಳಿಸಿಕೊಟ್ಟಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ, ಫ್ಯಾನ್ ಹಚ್ಚಿ ಮಲಗಿದೆ. "ನಾನು ಯಾರ ಮೇಲೂ ಹೊಟ್ಟೆಕಿಚ್ಚು ಪಡುವುದಿಲ್ಲ" ಅಂತ ಸಂಕಲ್ಪ ಮಾಡಿದೆ. ಒಂದು ಸಲ ಹೇಳಿದೆ. ಎರಡು ಸಲ ಹೇಳಿದೆ. ಅಷ್ಟರಲ್ಲಿ ಒಳಕೋಣೆಯಿಂದ ಗೊರಕೆ ಶುರುವಾಯಿತು. ಊಟ ಮುಗಿಸಿ ಕೈ ತೊಳೆದದ್ದು ಈಗಷ್ಟೆ, ಟವೆಲಿನ್ನೂ ಒಣಗಿರಲಿಲ್ಲ. ಮೂರನೇ ಸಲ ನನಗೆ ಗೊತ್ತಿಲ್ಲದೆ ಸಂಕಲ್ಪ ಬದಲಾಯಿತು: "ಇವರಿಗೆ ಇವತ್ತು ನಿದ್ದೆ ಬರಬಾರದು."

ಮಾಸ್ತರ ದನಿ ಬಲಗೈಯಿಂದ ಎಡಗೈಗೆ ಹೋಯಿತು, ಅಲ್ಲಿಂದ ಬೆನ್ನಿಗೆ ಬಂತು. ಎಂದೂ ಇಲ್ಲದ್ದು ಆ ದಿನ ನನ್ನ ರೆಪ್ಪೆ ಭಾರವಾಗತೊಡಗಿತು. ಬರುತ್ತಿದೆ, ಬರುತ್ತಿದೆ ಅನ್ನುವಾಗಲೇ ಯಾರೋ ಭುಜ ಅಲ್ಲಾಡಿಸಿದರು.

"ಏಳು. ಕರೆಂಟ ಹೋಗ್ಯಾದ" ಅಂದರು ಮನೆಯವರು.

"ಹೋಗ್ಲಿ ಬಿಡ್ರಿ."

"ನನಗ ನಿದ್ದಿ ಹತ್ತವಲ್ದು. ಸೆಕಿ ಆಗಾಕತ್ತದ."

ಸಂಕಲ್ಪ ಫಲಿಸಿತ್ತು. ಕೈಯಲ್ಲಿ ಬೀಸಣಿಗೆ ಹಿಡಿದೇ ಬಂದಿದ್ದರು. ಅದನ್ನು ನನ್ನ ಕೈಗೆ ಕೊಟ್ಟು ನನ್ನ ಚಾಪೆಯ ಮೇಲೆ ಮಲಗಿದರು. ನಾನು ಬೀಸಿದೆ. ಫೋನಿನಲ್ಲಿ ಮಾಸ್ತರು ಇನ್ನೂ ಹೇಳುತ್ತಿದ್ದರು: "ನೀವು ಎಚ್ಚರ ಅದೀರಿ. ಪೂರ್ತಿ ಎಚ್ಚರ ಅದೀರಿ."

ಅದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

೫. ಒಂಬತ್ತನೇ ಕ್ಲಾಸು

ನಮ್ಮ ಶಾಲೆಗೆ ಕಕ್ಕೇರಾ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ನಸುಕಿನಲ್ಲೇ ಎದ್ದು ಮನೆಗೆಲಸ ಮುಗಿಸಿ ಬಂದವರು, ಮಧ್ಯಾಹ್ನದ ಊಟ ಆದ ಮೇಲೆ ಪಾಠದಲ್ಲಿ ತೂಕಡಿಸುತ್ತಾರೆ. ಒಂದು ದಿನ ಬೈಯುವ ಬದಲು, "ಎಲ್ಲಾರೂ ನೆಲದ ಮ್ಯಾಲ ಮಲಗ್ರಿ, ಯೋಗನಿದ್ರಿ ಹೇಳಿಕೊಡ್ತೀನಿ. ನಿದ್ದಿ ಮಾತ್ರ ಮಾಡಬಾರದು" ಅಂದೆ. ಬೆಂಚು ಸರಿಸಿ ಮಲಗಿದರು. ನಾನು ಬಲಗಾಲಿನ ಹೆಬ್ಬೆರಳಿನಿಂದ ಶುರುಮಾಡಿ ಮೊಣಕಾಲು ಮುಟ್ಟುವುದರೊಳಗೆ ಕ್ಲಾಸಿಗೆ ಕ್ಲಾಸೇ ಮಲಗಿಬಿಟ್ಟಿತ್ತು. ನಾನು ನಡುವೆ ಕೂತು ಒಂದೊಂದೇ ಮುಖ ನೋಡಿದೆ. ಹದಿನಾಲ್ಕು ವರ್ಷದ ಕೂಸುಗಳ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅನ್ನುವುದು ಆ ದಿನ ಗೊತ್ತಾಯಿತು.

ಅದೇ ಹೊತ್ತಿಗೆ ತಪಾಸಣೆಯ ಸಾಹೇಬರು ಬಾಗಿಲಲ್ಲಿ ನಿಂತರು.

"ಏನ್ರಿ ಇದು ಟೀಚರ್?"

ನಾನು ಎದ್ದು ನಿಂತೆ. "ಯೋಗನಿದ್ರಿ ಸರ್."

"ನಿದ್ದಿ ಮಾಡ್ಯಾರಲ್ಲ."

"ಇಲ್ರಿ ಸರ್. ಮೈ ಅಷ್ಟೇ ಮಲಗ್ಯಾದ. ಒಳಗ ಎಲ್ಲಾರೂ ಎಚ್ಚರ ಅದಾರ. ನಾವು ಮಾತಾಡೂದು ಕೇಳ್ತಿರ್ತದ."

ಸಾಹೇಬರು ಶಾಣ್ಯಾ ಮನುಷ್ಯ. ಪರೀಕ್ಷೆ ಮಾಡಿಯೇ ಬಿಡೋಣವೆಂದು ಗಂಟಲು ಸರಿಮಾಡಿಕೊಂಡು, ಕೋಣೆ ತುಂಬ ಕೇಳುವಂತೆ, "ನಾಳೆ ಸಾಲಿಗೆ ಸೂಟಿ" ಅಂತ ರಜೆ ಸಾರಿದರು.

ಒಂದು ಮಗುವೂ ಅಲ್ಲಾಡಲಿಲ್ಲ. ಮೂಲೆಯಲ್ಲಿ ಒಬ್ಬ ಹುಡುಗಿ ಮಗ್ಗಲು ಬದಲಿಸಿ ಗೋಡೆಯ ಕಡೆ ತಿರುಗಿದಳು. ನನ್ನ ನೌಕರಿ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಮ್ಮ ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಳ್ಳುತ್ತಾ, ಕೆನ್ನೆಯ ಮೇಲೆ ರಿಜಿಸ್ಟರಿನ ಅಂಚು ಒತ್ತಿದ ಗುರುತಿನೊಂದಿಗೆ ಬಾಗಿಲಿಗೆ ಬಂದರು.

"ಸರ್, ಸೂಟಿ ನಾಳೆ ಒಂದ ದಿನಾನೋ, ನಾಡದೂನೋ?"

ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದರು: "ಟೀಚರ್, ಒಬ್ಬರಿಗರ ಛೊಲೊ ಕಲಿಸೀರಿ."

೬. ಶಾಲು

ನನ್ನನ್ನು ಬಿಡಲು ಬಂದ ದಿನದ ಆ ಕುರ್ಚಿಯ ಪ್ರಕರಣದ ಮೇಲೆ ಮಾಸ್ತರು ಮನೆಯವರನ್ನು ಬಿಡಲಿಲ್ಲ. "ನೀವು ಸುಮ್ಮ ಬಂದು ಕುಂದರ್ರಿ, ಕ್ಲಾಸಿಗೆ ಕಳಾ ಬರ್ತದ" ಅಂದರು. ಇವರೂ ದಿನಾ ಬಂದು ಸುಮ್ಮನೆ ಕೂತರು. ಮನೆಯಲ್ಲಿ ಮಲಗುವುದನ್ನು ಅಲ್ಲಿ ಕೂತು ಮಾಡಿದರು, ಅಷ್ಟೇ ವ್ಯತ್ಯಾಸ. ವರ್ಷದ ಕೊನೆಗೆ ಕ್ಲಾಸಿನ ಸಣ್ಣ ಸಮಾರಂಭ. ಉತ್ತಮ ಸಾಧಕರಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಯಾರಿಗೆ ಅಂತ ಕೇಳಬೇಕಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹಿಂದಿನ ದಿನ ಮಾಸ್ತರ ಮನೆಗೆ ಹೋಗಿ ಹೇಳಿಯೇಬಿಟ್ಟೆ: "ಅವ್ರು ಧ್ಯಾನ ಮಾಡಂಗಿಲ್ರಿ. ಖರೇನ ನಿದ್ದಿ ಮಾಡ್ತಾರ."

"ಹಂಗ ಕಾಣ್ತದ್ರಿ ಹೊರಗಿನವ್ರಿಗೆ."

"ನಾ ಹೊರಗಿನಾಕಿ ಅಲ್ರಿ, ಹೇಣ್ತಿ. ಗೊರಕಿ ಹೊಡೀತಾರ್ರಿ."

"ಅದು ಭ್ರಾಮರಿ, ಟೀಚರ್. ದುಂಬಿಯ ನಾದ. ನಾವೆಲ್ಲ ಕಣ್ಣು ಕಿವಿ ಮುಚ್ಚಿಕೊಂಡು ಮಾಡಿದರೂ ಬರೂದಿಲ್ಲ. ಕೆಲವರಿಗೆ ತಾನಾಗೇ ಬರ್ತದ." ಆಮೇಲೆ ಮೆಲ್ಲಗೆ ಸೇರಿಸಿದರು: "ತಪ್ಪು ತಿಳೀಬ್ಯಾಡ್ರಿ. ಸಾಧನೆಯ ದಾರ್ಯಾಗ ಮತ್ಸರ ಅನ್ನೂದು ದೊಡ್ಡ ಬಂಡೆಗಲ್ಲು."

ಮರುದಿನ ಮುಂಜಾನೆ ಕಾರ್ಯಾಲಯ ತುಂಬಿತ್ತು. ನನ್ನ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಸ್ಟೇಜಿನ ಮೇಲೆ ನನ್ನ ಗಂಡ, ಹೆಗಲ ಮೇಲೆ ಕೆಂಪಂಚಿನ ಶಾಲು. ಶಾಲು ಹೊದಿಸಿದ ಮೇಲೆ ಮಾಸ್ತರು, "ಈಗ ಎಲ್ಲಾರೂ ಇವರ ಜೋಡಿ ಸ್ವಲ್ಪ ಹೊತ್ತು ಧ್ಯಾನಕ್ಕ ಕುಂದರೂಣು" ಅಂದರು. ಬೆಚ್ಚನೆಯ ಶಾಲು ಬೇರೆ, ಇವರಿಗೆ ಕೂಡಲೇ ಹತ್ತಿತು. ಎದುರಿಗೆ ಮೈಕು ಇತ್ತು. ದುಂಬಿಯ ನಾದ ಕಾರ್ಯಾಲಯದ ನಾಲ್ಕೂ ಮೂಲೆಗೆ ಮುಟ್ಟಿತು. ಸುತ್ತಲೂ ಜನ ಕಣ್ಣು ಮುಚ್ಚಿ ಕೈ ಮುಗಿದರು.

ನಾನೂ ಕಣ್ಣು ಮುಚ್ಚಿದೆ. ಈ ಸಲ ಒಲೆ ನೆನಪಾಗಲಿಲ್ಲ, ಹಾಲು ನೆನಪಾಗಲಿಲ್ಲ, ಮಕ್ಕಳ ಪೇಪರು ನೆನಪಾಗಲಿಲ್ಲ. ಕಂಡದ್ದು ಆ ಶಾಲು ಒಂದೇ. ಒಂದು ವರ್ಷ ಮಾಸ್ತರು ದೀಪ ಅಂದರು, ಉಸಿರು ಅಂದರು, ಹುಬ್ಬಿನ ನಡುವೆ ಅಂದರು. ಎಲ್ಲಿಯೂ ನಿಲ್ಲದ ನನ್ನ ಮನಸ್ಸು ಗಂಡನ ಶಾಲಿನ ಕೆಂಪಂಚಿನ ಮೇಲೆ ಹೋಗಿ ಗಟ್ಟಿಯಾಗಿ ಕೂತುಬಿಟ್ಟಿತು. ಅದು ನನಗೆ ಬರಬೇಕಿತ್ತು, ನನಗೆ ಬರಬೇಕಿತ್ತು ಅನ್ನುವುದೊಂದೇ. ಸ್ವಲ್ಪ ಹೊತ್ತಿಗೆ ಮೈಕಿನ ಸದ್ದು ದೂರವಾಯಿತು. ಆಮೇಲೆ ಅಂಚು ಹೋಯಿತು, ಶಾಲು ಹೋಯಿತು. ಬರಬೇಕಿತ್ತು ಅನ್ನುತ್ತಿದ್ದ ನಾನೂ ಇರಲಿಲ್ಲ. ಎಷ್ಟು ಹೊತ್ತೋ ಹೇಳಲಾರೆ. ಹಗುರ, ತಣ್ಣಗೆ, ಭೀಮಾ ನದಿ ತುಂಬಿದಾಗ ಸದ್ದಿಲ್ಲದೆ ಹೋಗುತ್ತದಲ್ಲ, ಹಾಗೆ.

ಕಣ್ಣು ಬಿಟ್ಟಾಗ ಕಾರ್ಯಾಲಯ ಖಾಲಿ. ಜಮಖಾನೆ ಸುತ್ತಿ ಗೋಡೆಗೆ ಆನಿಸಿದ್ದರು, ನಾನು ಕೂತಿದ್ದ ತುಂಡೊಂದನ್ನು ಬಿಟ್ಟು. ಎದುರಿಗೆ ಮಾಸ್ತರು, ಅತ್ತೆ, ಮತ್ತು ಈಗಷ್ಟೇ ಸ್ಟೇಜಿನಿಂದ ಇಳಿದು ಚಹಾ ಹಿಡಿದಿದ್ದ ಮನೆಯವರು. ನನ್ನ ಕಣ್ಣಲ್ಲಿ ನೀರು ಬಂತು.

"ಮಾಸ್ತರ, ನನಗ ಇವತ್ತ ಆತ್ರಿ."

"ಏನಾತು ಟೀಚರ್?"

"ಧ್ಯಾನ."

ಮಾಸ್ತರು ಅತ್ತೆಯ ಮುಖ ನೋಡಿದರು. ಅತ್ತೆ ಸೆರಗಿನಿಂದ ನನ್ನ ಹಣೆ ಒರೆಸುತ್ತಾ, "ಅದು ಧ್ಯಾನ ಅಲ್ಲವ್ವಾ, ನಿದ್ದಿ. ದಣದಿದ್ದಿ, ಮಲಗಲಿ ಅಂತ ನಾನೇ ಎಬ್ಬಸಬ್ಯಾಡ್ರಿ ಅಂದೆ" ಅಂದರು.

"ನಿದ್ದಿ ಅಲ್ರಿ ಅತ್ತಿ. ನೆಟ್ಟಗ ಕುಂತೀನಿ ನೋಡ್ರಿ."

"ಕೆಲವರು ಕುಂತೂ ಮಲಗ್ತಾರ್ರಿ ಟೀಚರ್" ಅಂದರು ಮಾಸ್ತರು, ಬಹಳ ಮರುಕದಿಂದ. "ಬೇಜಾರ ಮಾಡ್ಕೋಬ್ಯಾಡ್ರಿ. ನಿದ್ದಿಗೇ ಅಲ್ಲೇನು ನೀವು ಬಂದದ್ದು? ಅದಾದ್ರೂ ಬಂತಲ್ಲ."

ನನಗೆ ಅಲ್ಲಿ ಇನ್ನೊಬ್ಬರೇ ಸಾಕ್ಷಿ ಉಳಿದಿದ್ದರು. ಇಡೀ ಹೊತ್ತು ನನ್ನ ಎದುರಿಗೇ, ಸ್ಟೇಜಿನ ಮೇಲೆ ಕೂತಿದ್ದವರು. ಅವರ ಕಡೆ ತಿರುಗಿದೆ. "ನೀವರ ಖರೇ ಹೇಳ್ರಿ. ನಾ ನಿದ್ದಿ ಮಾಡಿದ್ನೋ, ಧ್ಯಾನದಾಗ ಇದ್ನೋ?"

ಅವರು ಚಹಾ ಊದಿ ಒಂದು ಗುಟುಕು ಕುಡಿದರು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ನನ್ನ ಮುಂದೆ ಒಂದು ಸುಳ್ಳು ಹೇಳಿದ್ದಿಲ್ಲ.

"ನನಗೇನ ಗೊತ್ತು?" ಅಂದರು. "ನಾ ನಿದ್ದಿ ಹೊಡ್ಯಾಕತ್ತಿದ್ದೆ."

ನಾನು ಮಾಸ್ತರ ಮುಖ ನೋಡಿದೆ. ಇಷ್ಟಾದ ಮೇಲೆ ಇನ್ನೇನು ಬೇಕು? ಮಾಸ್ತರು ಕಣ್ಣು ಮುಚ್ಚಿ ಅವರಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಕೇಳಿದ್ರೇನು ಟೀಚರ್? ಅಷ್ಟೆಲ್ಲಾ ಸಾಧನಾ ಮಾಡಿನೂ ಅವ್ರು ಒಬ್ಬರ ಮುಂದನೂ ಹೇಳಿಕೊಳ್ಳೂದಿಲ್ಲ. ಮೊದಲ ಇದನ್ನ ಕಲೀರಿ."